ರೀಲು ಬಿಗಿಯಬೇಕು, ಕೋಲು ಸೀಳಬಾರದು

ಮುಂಗಾರಿನ ಕೆನ್ನೀರು ಇಳಿದು ತುಂಗಭದ್ರೆ ತಿಳಿಯಾಗುವ ಕಾರ್ತಿಕದ ಹೊತ್ತಿಗೆ ಹರಿಹರದ ಸೇತುವೆಯ ಆಸುಪಾಸಿನಲ್ಲಿ, ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳ ನದಿಯನ್ನು ಸೇರುವ ಎಡೆಯಲ್ಲಿ, ಇತ್ತ ದಾವಣಗೆರೆಯ ಶಾಮನೂರಿನ ಆಚೆ ಭತ್ತದ ಗದ್ದೆಗಳಿಗೆ ನೀರುಣಿಸುವ ಭದ್ರಾ ನಾಲೆಯ ಏರಿಯ ಮೇಲೆ ಗಾಳದ ಕೋಲು ಹಿಡಿದವರು ಕಾಣಿಸಿಕೊಳ್ಳುತ್ತಾರೆ. ಕೆಲವರ ಕೈಯಲ್ಲಿರುವುದು ತುದಿಗೆ ದಾರ ಕಟ್ಟಿದ ಬರಿಯ ಬಿದಿರು. ಕೆಲವರ ಕೈಯಲ್ಲಿ ಅಂಗಡಿಯಿಂದ ತಂದ, ಒಂದರೊಳಗೊಂದು ಸೇರುವ ಕಾರ್ಬನ್ ಕೋಲು. ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ಮನೆಯ ಬಿದಿರಿಗೆ ಪೇಟೆಯ ರೀಲನ್ನು ಹೋಸ್ ಕ್ಲಿಪ್ಪಿನಿಂದಲೋ ಕಬ್ಬಿಣದ ತಂತಿಯಿಂದಲೋ ಬಿಗಿದು ಮಾಡಿಕೊಂಡ ಈ ಕೋಲನ್ನು ಹತ್ತಿರದಿಂದ ನೋಡಿದರೆ, ಕ್ಲಿಪ್ಪಿನ ಅಂಚಿನಿಂದ ಹೊರಟು ಗೆಣ್ಣಿನ ಕಡೆಗೆ ಸಾಗಿದ ಕೂದಲೆಳೆಯಂಥ ಸೀಳೊಂದು ಬಹಳ ಸಲ ಕಣ್ಣಿಗೆ ಬೀಳುತ್ತದೆ.

ಆ ಸೀಳಿಗೆ ಮೀನು ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ರೀಲು ಕೋಲಿಗೆ ಕೂಡುವ ಜಾಗದಲ್ಲಿ ಆಗುವ ಹಾನಿಯಲ್ಲಿ ಹೆಚ್ಚಿನ ಪಾಲು ಮೀನು ಗಾಳ ಕಚ್ಚುವ ಮೊದಲೇ, ಸ್ಕ್ರೂಡ್ರೈವರ್ ಹಿಡಿದ ಕೈಯಿಂದ ಆಗಿರುತ್ತದೆ. ಆ ಕೈಯನ್ನು ಅಷ್ಟು ಗಟ್ಟಿಯಾಗಿ ತಿರುಗಿಸುವುದು ರೀಲು ಕಿತ್ತುಕೊಂಡು ಹೋದೀತೆಂಬ ಭಯ. ಆ ಭಯಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಮೊದಲು ಅಳೆದು ನೋಡುವುದು ಉಚಿತ.

ಎಳೆತ ಎಷ್ಟು, ಎತ್ತ ಕಡೆಗೆ

ರೀಲು ಎಂದರೆ ದಾರವನ್ನು ಸುತ್ತಿಟ್ಟುಕೊಂಡು, ಬೇಕಾದಾಗ ಬಿಟ್ಟು, ಬೇಕಾದಾಗ ಎಳೆದುಕೊಳ್ಳುವ ಗಾಲಿ. ಅದರ ಕೆಳಗೆ ಕಾಂಡದಂಥ ಒಂದು ಕಂಬ, ಕಂಬದ ತುದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಚಾಚಿದ, ತುದಿಗಳತ್ತ ತೆಳುವಾಗುತ್ತ ಹೋಗುವ ಲೋಹದ ಪಟ್ಟಿ ಇರುತ್ತದೆ. ಈ ಪಟ್ಟಿಯೇ ರೀಲಿನ ಪಾದ. ಕೋಲಿಗೂ ರೀಲಿಗೂ ಇರುವ ಸಂಬಂಧವೆಲ್ಲ ಈ ಪಾದದ ಮೂಲಕವೇ ನಡೆಯುವುದರಿಂದ, ಅದನ್ನು ಹಿಡಿದಿಡುವ ಬಗೆಯೇ ಈ ಲೇಖನದ ವಿಷಯ.

ಮೀನು ಓಡುವಾಗ ದಾರವು ಕೋಲಿನುದ್ದಕ್ಕೂ ಇರುವ ಬಳೆಗಳ ಮೂಲಕ ಹಾಯ್ದು ರೀಲನ್ನು ಕೋಲಿನ ತುದಿಯ ಕಡೆಗೆ ಎಳೆಯುತ್ತದೆ. ಆದರೆ ಆ ಎಳೆತಕ್ಕೆ ಒಂದು ಮಿತಿಯಿದೆ. ಇಂದಿನ ರೀಲುಗಳಲ್ಲಿ ಡ್ರ್ಯಾಗ್ ಎಂಬ ಬಿರಿಯೊಂದು ಇದ್ದು, ಎಳೆತ ನಿಗದಿತ ಮಟ್ಟವನ್ನು ಮೀರಿದೊಡನೆ ಗಾಲಿಯು ಜಾರಿ ದಾರವನ್ನು ಬಿಟ್ಟುಕೊಡುತ್ತದೆ. ದಾರವು ತಡೆಯಬಲ್ಲ ಭಾರದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಅದನ್ನು ಹೊಂದಿಸುವುದು ರೂಢಿ. ಆರು ಕಿಲೋ ತಡೆಯುವ ನೈಲಾನ್ ದಾರ ಹಾಕಿದವರ ರೀಲನ್ನು ಮೀನು ಎಷ್ಟೇ ಕೊಸರಾಡಿದರೂ ಹೆಚ್ಚೆಂದರೆ ಎರಡು ಕಿಲೋ ಬಲದಿಂದ ಮುಂದಕ್ಕೆ ಎಳೆಯಬಲ್ಲದು. ಕಾಟ್ಲಾ, ರೋಹು, ಜಿಲೇಬಿ, ಬಾಳೆಮೀನು ಹಿಡಿಯುವವರ ಕೋಲಿನಲ್ಲಿ ಈ ಜೋಡಣೆಯ ಮೇಲೆ ಬೀಳುವ ನೇರ ಹೊರೆ ಸಾಮಾನ್ಯವಾಗಿ ಇಷ್ಟೇ.

ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಅಲುಗಾಟ. ಹಿಡಿಕೆಯನ್ನು ತಿರುಗಿಸುವಾಗಲೆಲ್ಲ ರೀಲು ಎಡಕ್ಕೂ ಬಲಕ್ಕೂ ತೂಗುತ್ತದೆ, ಪಾದವು ಕೋಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸರಿದಾಡುತ್ತದೆ, ನಡುವೆ ನದಿಯ ನುಣ್ಣನೆಯ ಮರಳು ಸೇರಿಕೊಂಡಿತೆಂದರೆ ಆ ಸರಿದಾಟವೇ ಅರದ ಕೆಲಸ ಮಾಡಿ ಒಂದೆಡೆ ಬಿದಿರಿನ ಸಿಪ್ಪೆಯನ್ನೂ ಇನ್ನೊಂದೆಡೆ ಪಾದದ ಬಣ್ಣವನ್ನೂ ತಿನ್ನುತ್ತದೆ. ಆದ್ದರಿಂದ ಒಳ್ಳೆಯ ಜೋಡಣೆಗೆ ಬೇಕಾದುದು ಅತಿಯಾದ ಬಲವಲ್ಲ. ಪಾದದ ಉದ್ದಕ್ಕೂ ಸಮನಾಗಿ ಹರಡಿದ, ಅಲುಗಾಟಕ್ಕೆ ಎಡೆಗೊಡದ ಹಿಡಿತ.

ತೂತಿನಿಂದ ಪೀಠದವರೆಗೆ

ಈ ತಿಳಿವಳಿಕೆ ಒಮ್ಮೆಲೇ ಬಂದುದಲ್ಲ. ಚೀನಾದಲ್ಲಿ ಸುಮಾರು 1195ರ ವೇಳೆಗೆ ಮಾ ಯುವಾನ್ ಬರೆದ ಚಿತ್ರದಲ್ಲಿಯೇ ದೋಣಿಯ ಮೇಲೆ ಕುಳಿತ ಮೀನುಗಾರನ ಕೋಲಿಗೆ ಗಾಲಿಯೊಂದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ರೀಲಿನ ಮೊದಲ ಬರಹದ ಉಲ್ಲೇಖ ಸಿಗುವುದು 1651ರಲ್ಲಿ ಥಾಮಸ್ ಬಾರ್ಕರ್ ಬರೆದ ಪುಸ್ತಕದಲ್ಲಿ. ಅಲ್ಲಿ ಹೇಳಿರುವ ಕ್ರಮವು ಇಂದಿನ ಕಣ್ಣಿಗೆ ಕ್ರೂರವೆನಿಸುವಂಥದು. ಕೋಲಿನ ಬುಡದಿಂದ ಎರಡು ಅಡಿಯೊಳಗೆ ತೂತು ಕೊರೆದು, ಅದರಲ್ಲಿ ಗಾಲಿಯನ್ನು ಕೂರಿಸಲಾಗುತ್ತಿತ್ತು.

ಮುಂದಿನ ಶತಮಾನದ ರೀಲುಗಳಲ್ಲಿಯೂ ಪಾದದ ಬದಲು ಮೊಳೆಯೊಂದಿದ್ದು, ಅದು ಕೋಲನ್ನು ತೂರಿ ಹಾಯ್ದು ಆಚೆ ಬದಿಯಲ್ಲಿ ನಟ್ಟಿನಿಂದ ಬಿಗಿಗೊಳ್ಳುತ್ತಿತ್ತು. ಕೋಲು ಅತಿ ಹೆಚ್ಚು ಹೊರೆ ಹೊರುವ ಬುಡದಲ್ಲಿಯೇ ಮರದ ನಾರುಗಳನ್ನು ಕತ್ತರಿಸಿದರೆ ಏನಾಗುತ್ತದೆಂಬುದು ಅನುಭವದಿಂದ ಗೊತ್ತಾದ ಮೇಲೆ, ಕೋಲನ್ನು ಸುತ್ತುವರಿದು ಹಿಡಿಯುವ ಲೋಹದ ಪಟ್ಟಿ ಬಂತು. ಲೋಹವು ಮರವನ್ನು ಕಚ್ಚದಂತೆ ಅದರ ಒಳಗೆ ಚರ್ಮದ ಅಸ್ತರು ಕೊಡಲಾಗುತ್ತಿತ್ತು. ಅನಂತರವೇ ಇಂದಿನ ಚಪ್ಪಟೆ ಪಾದ ಬಂದು ನೆಲೆನಿಂತದ್ದು. ತೂತನ್ನು ಬಿಟ್ಟು ಪಟ್ಟಿಗೆ, ಪಟ್ಟಿಯನ್ನು ಬಿಟ್ಟು ಪೀಠಕ್ಕೆ ಸಾಗಿದ ಈ ದಾರಿಯಲ್ಲಿ ಪ್ರತಿ ಹೆಜ್ಜೆಯೂ ಕೋಲನ್ನು ಕಡಿಮೆ ಗಾಯಗೊಳಿಸುವತ್ತ ಇಟ್ಟ ಹೆಜ್ಜೆ. ಹೋಸ್ ಕ್ಲಿಪ್ಪು ಬಿಗಿಯುವವರು ಅರಿವಿಲ್ಲದೆ ಅಸ್ತರಿಲ್ಲದ ಆ ಹಳೆಯ ಪಟ್ಟಿಗೆ ಮರಳುತ್ತಾರೆ. ಬಿದಿರಿಗೆ ತೂತು ಕೊರೆದು ಬೋಲ್ಟು ಹಾಕುವವರು ಬಾರ್ಕರನ ಕಾಲಕ್ಕೇ ಹೋಗುತ್ತಾರೆ.

ಬಿದಿರಿನ ಬಲ ಸಿಪ್ಪೆಯಲ್ಲಿ

ಬಿದಿರನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ನಾರಿನ ಕಂತೆಗಳು ಚುಕ್ಕಿಗಳಂತೆ ಕಾಣುತ್ತವೆ. ಹೊರಮೈಯ ಹತ್ತಿರ ಅವು ಒತ್ತೊತ್ತಾಗಿ, ಒಳಮೈಗೆ ಹೋದಂತೆ ವಿರಳವಾಗಿ ಇರುತ್ತವೆ. ಕೋಲು ಬಾಗಿದಾಗ ಅತಿ ಹೆಚ್ಚಿನ ಸೆಳೆತ ಬೀಳುವುದು ಹೊರಮೈಯ ಮೇಲೆಯೇ ಆದ್ದರಿಂದ ಈ ಹಂಚಿಕೆ ಬಿದಿರಿಗೆ ಅದರ ತೂಕವನ್ನು ಮೀರಿದ ಬಲ ಕೊಟ್ಟಿದೆ. ಚಪ್ಪಟೆ ಪಾದ ಚೆನ್ನಾಗಿ ಕೂರಲೆಂದು ದುಂಡು ಬಿದಿರಿನ ಮೇಲೆ ಮಚ್ಚಿನಿಂದಲೋ ಅರದಿಂದಲೋ ಸಮತಟ್ಟು ಮಾಡುವ ಅಭ್ಯಾಸ ಎಷ್ಟು ದುಬಾರಿಯೆಂಬುದು ಇದರಿಂದ ತಿಳಿಯುತ್ತದೆ; ಕೆತ್ತಿ ತೆಗೆದ ಒಂದೆರಡು ಮಿಲಿಮೀಟರು ಬಿದಿರಿನ ಅತ್ಯುತ್ತಮ ಭಾಗವಾಗಿರುತ್ತದೆ.

ಎರಡನೆಯ ಗುಣ ಇನ್ನೂ ಮುಖ್ಯ. ನಾರುಗಳೆಲ್ಲ ಉದ್ದಕ್ಕೆ ಸಾಗುವುದರಿಂದ ಬಿದಿರನ್ನು ಉದ್ದಕ್ಕೆ ಎಳೆದು ಹರಿಯುವುದು ಬಲು ಕಷ್ಟ, ಆದರೆ ಬದಿಯಿಂದ ಒತ್ತಿ ಸೀಳುವುದು ಸುಲಭ. ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರ ಕಸುಬು ನಿಂತಿರುವುದೇ ಈ ಗುಣದ ಮೇಲೆ. ಹೋಸ್ ಕ್ಲಿಪ್ಪಿನ ಪಟ್ಟಿಯ ಅಗಲ ಸುಮಾರು ಒಂದು ಸೆಂಟಿಮೀಟರು. ಅದರ ತಿರುಪು ಸಣ್ಣ ಬಲವನ್ನು ಹಲವು ಪಟ್ಟು ಹೆಚ್ಚಿಸಿ ಅಷ್ಟೇ ಕಿರಿದಾದ ಜಾಗದ ಮೇಲೆ ಹೇರುತ್ತದೆ. ಟೊಳ್ಳು ಬಿದಿರಿನ ಗೋಡೆ ಆಗ ಒಳಕ್ಕೆ ಬಾಗುತ್ತದೆ, ಬಾಗಿದ ಕಡೆ ನಾರುಗಳ ನಡುವಿನ ಬಂಧ ಬಿಡುತ್ತದೆ, ಬಿಟ್ಟ ಬಂಧ ಕೋಲು ಬಾಗಿದಂತೆಲ್ಲ ಉದ್ದಕ್ಕೆ ಬೆಳೆಯುತ್ತದೆ.

ಆಯ್ಕೆಯಲ್ಲಿಯೇ ಎಚ್ಚರ ವಹಿಸಿದರೆ ಅರ್ಧ ಕೆಲಸ ಮುಗಿದಂತೆ. ಕರ್ನಾಟಕದ ಒಣ ಕಾಡುಗಳಲ್ಲಿ ಬೆಳೆಯುವ ಕಿರುಬಿದಿರು ಅಥವಾ ಗಂಡುಬಿದಿರಿನ ಬುಡ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಹೆಬ್ಬಿದಿರಿನ ಟೊಳ್ಳು ಅದರಲ್ಲಿ ಇಲ್ಲದಿರುವುದರಿಂದ ಬದಿಯ ಒತ್ತಡವನ್ನು ಅದು ಚೆನ್ನಾಗಿ ತಾಳುತ್ತದೆ. ಇದೇ ಜಾತಿಯ ಬಿದಿರು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತಾ ಕೇನ್ ಎಂಬ ಹೆಸರಿನಲ್ಲಿ ಹಡಗೇರಿ ಹೋಗಿ ಇಂಗ್ಲೆಂಡ್ ಮತ್ತು ಅಮೆರಿಕದ ಕುಶಲಕರ್ಮಿಗಳ ಕೈಯಲ್ಲಿ ಸೀಳಾಗಿ, ಆರು ಸೀಳುಗಳನ್ನು ಅಂಟಿಸಿ ಮಾಡುವ ಷಟ್ಕೋನದ ಕೋಲುಗಳಾಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಚೀನಾದ ಗುವಾಂಗ್‌ಡಾಂಗಿನ ಟಾಂಕಿನ್ ಬಿದಿರು ಅದರ ಜಾಗ ಹಿಡಿಯಿತು. ನಮ್ಮ ನೆಲದ ಬಿದಿರು ಗಾಳದ ಕೋಲಿಗೆ ಕಳಪೆಯೆಂಬ ಭಾವನೆಗೆ ಆಧಾರವಿಲ್ಲವೆನ್ನಲು ಇಷ್ಟು ಸಾಕು.

ಹಸಿ ಬಿದಿರಿಗೆ ಮಾತ್ರ ರೀಲು ಕಟ್ಟಬಾರದು. ಒಣಗುತ್ತ ಹೋದಂತೆ ಬಿದಿರಿನ ಸುತ್ತಳತೆ ಕುಗ್ಗುವುದರಿಂದ ಇಂದು ಬಿಗಿಯಾಗಿದ್ದ ಕಟ್ಟು ಕೆಲವು ವಾರಗಳಲ್ಲಿ ಸಡಿಲವಾಗುತ್ತದೆ, ಸಡಿಲವಾಯಿತೆಂದು ಮತ್ತೆ ಬಿಗಿದಾಗ ಸೀಳು ಬರುತ್ತದೆ.

ಹರಿಹರದ ಲೇತ್ ಹೇಳಿಕೊಡುವುದು

ಗಾಯ ಮಾಡದೆ ಬಿಗಿಯಾಗಿ ಹಿಡಿಯುವ ಸಮಸ್ಯೆ ಹರಿಹರಕ್ಕೆ ಹೊಸದಲ್ಲ; ಬೇರೊಂದು ರೂಪದಲ್ಲಿ ಆ ಊರು ಇದನ್ನು ದಶಕಗಳ ಕಾಲ ದಿನನಿತ್ಯ ಬಿಡಿಸಿದೆ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪುಗಳಲ್ಲೆಲ್ಲ ಹೆಸರಾಗಿದ್ದವು. ಲೇತ್ ಕೆಲಸ ಬಲ್ಲವರು ನುಣುಪು ಮಾಡಿ ಮುಗಿಸಿದ ದುಂಡು ಭಾಗವೊಂದನ್ನು ಮತ್ತೆ ಚಕ್ಕಿಗೆ, ಅಂದರೆ ಅದನ್ನು ಹಿಡಿದು ತಿರುಗಿಸುವ ಉಕ್ಕಿನ ದವಡೆಗಳಿಗೆ, ನೇರವಾಗಿ ಕೊಡುವುದಿಲ್ಲ. ದವಡೆಗೂ ಭಾಗಕ್ಕೂ ನಡುವೆ ತಾಮ್ರದ ಅಥವಾ ಹಿತ್ತಾಳೆಯ ತೆಳು ತಗಡನ್ನು ಇಡುತ್ತಾರೆ. ಮೆದು ಲೋಹ ತಾನು ತುಸು ಬಗ್ಗಿ, ಒತ್ತಡವನ್ನು ಹರಡಿ, ಗುರುತು ಬೀಳದಂತೆ ಕಾಯುತ್ತದೆ. ಹಿಡಿತ ಮಾತ್ರ ಸಡಿಲವಾಗುವುದಿಲ್ಲ.

ರೀಲಿನ ವಿಷಯದಲ್ಲಿಯೂ ಸೂತ್ರ ಇದೇ. ಒಂದು ಸೆಂಟಿಮೀಟರಿನ ಮೇಲೆ ಬೀಳುವ ಬಲವನ್ನು ಆರು ಸೆಂಟಿಮೀಟರಿಗೆ ಹರಡಿದರೆ ಪ್ರತಿ ಬಿಂದುವಿನ ಮೇಲಿನ ಒತ್ತಡ ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಹಿಡಿತದ ಮೊತ್ತ ಹಾಗೆಯೇ ಉಳಿಯುತ್ತದೆ. ಪಾದ ಮತ್ತು ಬಿದಿರಿನ ನಡುವೆ ಕಾರ್ಕ್ ಹಾಳೆಯನ್ನೋ ಹಳೆಯ ಚಪ್ಪಲಿಯ ತೆಳು ಚರ್ಮವನ್ನೋ ಸೈಕಲ್ ಟ್ಯೂಬಿನ ತುಂಡನ್ನೋ ಇಟ್ಟರೆ ಅದು ದುಂಡು ಮೈಗೂ ಚಪ್ಪಟೆ ಪಾದಕ್ಕೂ ಇರುವ ಸಂದನ್ನು ತುಂಬುತ್ತದೆ. ಬಿದಿರನ್ನು ಕೆತ್ತಿ ಪಾದಕ್ಕೆ ಹೊಂದಿಸುವ ಅಗತ್ಯ ಆಗ ಉಳಿಯುವುದೇ ಇಲ್ಲ.

ದಾರದ ಸುತ್ತು

ಬಿದಿರಿನ ಕೋಲಿಗೆ ರೀಲು ಕೂರಿಸಲು ಇರುವ ಉಪಾಯಗಳಲ್ಲಿ ಅತ್ಯಂತ ಅಗ್ಗದ್ದೂ ಅತ್ಯಂತ ಸೌಮ್ಯವೂ ಆದುದು ಹತ್ತಿ ಹುರಿಯ ಸುತ್ತು. ಹತ್ತಿ ಗಿರಣಿಗಳಿಂದ ಹೆಸರು ಪಡೆದ ದಾವಣಗೆರೆಯಲ್ಲಿ ಗಟ್ಟಿ ಹುರಿಗೆ ಕೊರತೆಯಿಲ್ಲ. ನೈಲಾನ್ ದಾರ ನೀರು ಹೀರಿ ಹಿಗ್ಗುತ್ತದೆ, ಅದರ ಸುತ್ತು ಹೊಳೆಯಲ್ಲಿ ನೆನೆದಾಗ ಸಡಿಲವಾಗುತ್ತದೆ. ಹತ್ತಿ ಹುರಿ ನೆನೆದಾಗ ಉಬ್ಬಿ ಇನ್ನಷ್ಟು ಬಿಗಿಯುತ್ತದೆ. ಅದಕ್ಕೆ ಜೇನುಮೇಣ ಉಜ್ಜಿಕೊಂಡರೆ ಸುತ್ತುಗಳು ಒಂದಕ್ಕೊಂದು ಅಂಟಿ ಜಾರದೆ ನಿಲ್ಲುತ್ತವೆ.

ಕ್ರಮ ಹೀಗಿದೆ. ಬುಡದಿಂದ ಸುಮಾರು ಒಂದು ಮೊಳ ಮೇಲೆ, ಎರಡು ಗೆಣ್ಣುಗಳ ನಡುವಿನ ನೇರ ಭಾಗದಲ್ಲಿ ಅಸ್ತರನ್ನಿಟ್ಟು ಅದರ ಮೇಲೆ ಪಾದವನ್ನು ಇಡಬೇಕು. ಗೆಣ್ಣಿನ ಉಬ್ಬಿನ ಮೇಲೆ ಪಾದ ಕೂತರೆ ಎರಡೂ ತುದಿಗಳು ಗಾಳಿಯಲ್ಲಿ ನಿಂತು ರೀಲು ತೂಗಾಡುತ್ತದೆ. ಹುರಿಯ ತುದಿಯನ್ನು ಕೋಲಿನ ಉದ್ದಕ್ಕೆ ಮಲಗಿಸಿ, ಮೊದಲ ನಾಲ್ಕೈದು ಸುತ್ತುಗಳನ್ನು ಪಾದದಿಂದ ಹೊರಗೆ ಬರಿಯ ಬಿದಿರಿನ ಮೇಲೆಯೇ ಹಾಕಿದರೆ ಆ ತುದಿ ಸುತ್ತುಗಳ ಅಡಿಯಲ್ಲಿ ಸಿಕ್ಕಿ ಗಂಟಿಲ್ಲದೆ ನಿಲ್ಲುತ್ತದೆ. ಅಲ್ಲಿಂದ ಸುತ್ತು ಪಾದದ ತೆಳು ತುದಿಯನ್ನು ಏರಿ, ಒಂದರ ಪಕ್ಕ ಒಂದು ಒತ್ತಿಕೊಂಡು, ಎಲ್ಲಿಯೂ ಒಂದರ ಮೇಲೊಂದು ಹಾಯದೆ ಕಂಬದ ಹತ್ತಿರದವರೆಗೆ ಸಾಗಬೇಕು. ಕೊನೆಯ ಆರೇಳು ಸುತ್ತುಗಳಿಗೆ ಮೊದಲು ತೆಳು ನೈಲಾನ್ ದಾರವನ್ನು ಮಡಿಸಿ ಕುಣಿಕೆಯಾಗಿ ಮಲಗಿಸಿಡಬೇಕು. ಸುತ್ತು ಮುಗಿದ ಮೇಲೆ ಹುರಿಯ ತುದಿಯನ್ನು ಕುಣಿಕೆಗೆ ತೂರಿಸಿ, ಕುಣಿಕೆಯನ್ನು ಎಳೆದುಕೊಂಡರೆ ತುದಿಯು ಸುತ್ತುಗಳ ಅಡಿಗೆ ಹೋಗಿ ಅಡಗುತ್ತದೆ. ಪಾದದ ಇನ್ನೊಂದು ತುದಿಗೂ ಇದೇ ಕೆಲಸ.

ಇಷ್ಟು ಸಣ್ಣ ಹುರಿ ಅಷ್ಟು ಗಟ್ಟಿಯಾಗಿ ಹಿಡಿಯುವುದೇ ಎಂಬ ಸಂದೇಹಕ್ಕೆ ಲೆಕ್ಕವೇ ಉತ್ತರ. ಪ್ರತಿ ಸುತ್ತೂ ಪಾದವನ್ನು ಎರಡು ಬದಿಯಿಂದ ಕೆಳಕ್ಕೆ ಎಳೆಯುವುದರಿಂದ, ಒಂದು ಕಿಲೋ ಸೆಳೆತದಲ್ಲಿ ಹಾಕಿದ ಒಂದು ಸುತ್ತು ಸುಮಾರು ಎರಡು ಕಿಲೋ ಒತ್ತಡ ಕೊಡುತ್ತದೆ. ಒಂದೊಂದು ತುದಿಗೆ 10ರಂತೆ 20 ಸುತ್ತುಗಳಾದರೆ ಮೊತ್ತ ಸುಮಾರು 40 ಕಿಲೋ. ಘರ್ಷಣೆಯ ಮೂಲಕ ಅದರ ಕಾಲು ಭಾಗ ಮಾತ್ರ ಜಾರುವಿಕೆಯನ್ನು ತಡೆಯುತ್ತದೆಂದು ಇಟ್ಟುಕೊಂಡರೂ ಹತ್ತು ಕಿಲೋ ಎಳೆತಕ್ಕೆ ರೀಲು ಕದಲುವುದಿಲ್ಲ, ಮೀನಿನ ಪಾಲಿನ ಎಳೆತವೋ ಎರಡು ಕಿಲೋ. ಹುರಿಯನ್ನು ಕೈ ನೋಯುವಂತೆ ಜಗ್ಗುವ ಅಗತ್ಯ ಇಲ್ಲವೇ ಇಲ್ಲ.

ಸೈಕಲ್ ಟ್ಯೂಬನ್ನು ಬೆರಳಗಲ ಕತ್ತರಿಸಿ, ಎಳೆದೆಳೆದು ಸುತ್ತುವುದು ಇನ್ನೂ ಬೇಗನೆ ಆಗುವ ಕೆಲಸ. ಸಂಜೆ ಬಿಚ್ಚಿ ರೀಲನ್ನು ಮನೆಗೆ ಒಯ್ಯುವವರಿಗೆ ಇದೇ ಅನುಕೂಲ. ಬಿಸಿಲಿಗೆ ರಬ್ಬರು ಬಿರಿಯುವುದರಿಂದ ಆಗಾಗ ಬದಲಿಸಬೇಕಾಗುತ್ತದೆ. ಇನ್ಸುಲೇಶನ್ ಟೇಪು ಬಿಸಿಗೆ ಅಂಟು ಕರಗಿ ಜಾರುತ್ತದೆ, ತಂತಿಯೂ ಪ್ಲಾಸ್ಟಿಕ್ ಕೇಬಲ್ ಟೈಯೂ ಅಂಚಿನಿಂದ ಕೊಯ್ಯುತ್ತವೆ. ಇವನ್ನು ಬಳಸದಿರುವುದೇ ಲೇಸು.

ಸ್ಕ್ರೂ ಪೀಠ, ಕಾರ್ಬನ್ ಕೋಲು

ಅಂಗಡಿಯ ಕೋಲುಗಳಲ್ಲಿ ರೀಲ್ ಸೀಟ್ ಎಂಬ ಸಿದ್ಧ ಪೀಠ ಇರುತ್ತದೆ. ಒಂದು ಕಡೆ ಕದಲದ ಟೋಪಿ, ಇನ್ನೊಂದು ಕಡೆ ತಿರುಪಿನ ಮರೆಗಳ ಮೇಲೆ ಸರಿಯುವ ಟೋಪಿ. ಪಾದದ ಎರಡು ತುದಿಗಳು ಇವುಗಳ ಅಡಿಗೆ ಹೋಗುತ್ತವೆ, ನಟ್ಟು ತಿರುಗಿಸಿದಂತೆ ಟೋಪಿಗಳು ಪಾದದ ಇಳಿಜಾರನ್ನು ಏರಿ ಅದನ್ನು ಕೆಳಕ್ಕೆ ಒತ್ತುತ್ತವೆ. ಇಳಿಜಾರು ಮತ್ತು ಮರೆ ಎರಡೂ ಬಲವನ್ನು ಹೆಚ್ಚಿಸುವುದರಿಂದ ಬೆರಳಿನ ಬಲವೇ ಇಲ್ಲಿ ಸಾಕು. ಇಕ್ಕಳದಿಂದ ತಿರುಗಿಸಿದರೆ ಮೊದಲು ಟೋಪಿಯ ತುಟಿ ಬಿರಿಯುತ್ತದೆ, ಇಲ್ಲವೇ ಮರೆ ಸವೆಯುತ್ತದೆ. ಹೊಸ ಕೋಲಿನ ಕಾರ್ಕ್ ಮೊದಲ ಗಂಟೆಯಲ್ಲಿ ತುಸು ಅದುಮಿಕೊಳ್ಳುವುದರಿಂದ, ಆರಂಭದಲ್ಲಿಯೇ ಅತಿಯಾಗಿ ಬಿಗಿಯದೆ ಸ್ವಲ್ಪ ಹೊತ್ತಿನ ನಂತರ ಮತ್ತೊಮ್ಮೆ ಬೆರಳಿನಿಂದ ನೋಡಿಕೊಳ್ಳುವುದು ಸರಿಯಾದ ಕ್ರಮ.

ಪಾದವು ಟೋಪಿಯಲ್ಲಿ ಹಿಡಿಸದಿದ್ದಾಗ ಅರ ಹಾಕಿ ಪಾದವನ್ನೇ ಸವೆಸುವವರಿದ್ದಾರೆ. ಲೋಹದ ಮೇಲಿನ ರಕ್ಷಣೆಯ ಪದರ ಅಲ್ಲಿಗೆ ಹೋಗಿ ತುಕ್ಕಿಗೆ ದಾರಿಯಾಗುತ್ತದೆ, ಆ ರೀಲು ಮತ್ತೆ ಬೇರೆ ಯಾವ ಕೋಲಿಗೂ ಸರಿಯಾಗಿ ಕೂರುವುದಿಲ್ಲ. ಪೀಠವನ್ನು ಬದಲಿಸಬಹುದು, ಕಳೆದ ಲೋಹವನ್ನು ಮರಳಿ ತರಲಾಗದು.

ಕಾರ್ಬನ್ ಕೋಲುಗಳು 1970ರ ದಶಕದಿಂದ ಬಳಕೆಗೆ ಬಂದವು. ಬಲದ ಹಂಚಿಕೆಯಲ್ಲಿ ಅವು ಬಿದಿರಿಗೆ ಹತ್ತಿರದವು: ಬಹುಪಾಲು ಎಳೆಗಳು ಉದ್ದಕ್ಕೆ ಇರುತ್ತವೆ, ಗೋಡೆ ಬಲು ತೆಳುವಾಗಿರುತ್ತದೆ, ಬಾಗುವಾಗ ತೋರುವ ತಾಳ್ಮೆಯನ್ನು ಹಿಂಡುವಾಗ ತೋರುವುದಿಲ್ಲ. ಬಿದಿರು ಸೀಳುವ ಮುನ್ನ ಸೂಚನೆ ಕೊಡುತ್ತದೆ. ಕಾರ್ಬನ್ ಕೊಳವೆಯ ಒಳಪದರದ ಬಿರುಕು ಹೊರಗಿನ ಬಣ್ಣದಡಿ ಅಡಗಿದ್ದು, ಒಮ್ಮೆಲೇ ಮುರಿದಾಗಲೇ ಗೊತ್ತಾಗುತ್ತದೆ. ಬರಿಯ ಕಾರ್ಬನ್ ಮೈಯನ್ನು ಅಲ್ಯೂಮಿನಿಯಂ ಪಾದ ನೇರವಾಗಿ ಮುಟ್ಟಿದರೆ ಇನ್ನೊಂದು ತೊಂದರೆಯುಂಟು. ಎರಡೂ ವಿದ್ಯುತ್ ಹರಿಸುವ ವಸ್ತುಗಳಾದ್ದರಿಂದ, ನೀರು ಸೇರಿದಾಗ, ಅದರಲ್ಲಿಯೂ ಕಾರವಾರ, ಮಲ್ಪೆಯ ಉಪ್ಪುನೀರು ಸೇರಿದಾಗ, ಅಲ್ಯೂಮಿನಿಯಂ ಕ್ರಮೇಣ ಕರಗುತ್ತದೆ. ನಡುವೆ ಕಾರ್ಕ್ ಅಥವಾ ರಬ್ಬರಿನ ಪದರವಿದ್ದರೆ ಈ ಕೊರೆತ ನಡೆಯುವುದಿಲ್ಲ. ಕಾರ್ಬನ್ ವಿದ್ಯುತ್ ಹರಿಸುತ್ತದೆಂಬ ಮಾತು ಬಂದಾಗ ಇನ್ನೊಂದನ್ನೂ ಹೇಳಲೇಬೇಕು: ನಾಲೆಯ ಪಕ್ಕದ ಪಂಪ್‌ಸೆಟ್ಟಿನ ತಂತಿಗಳ ಅಡಿಯಲ್ಲಿ ಅಂಥ ಕೋಲನ್ನು ಎತ್ತುವುದು ಪ್ರಾಣಕ್ಕೆ ಅಪಾಯ.

ದೊಡ್ಡ ಮೀನಿನ ಲೆಕ್ಕ ಬೇರೆ

ಕಾವೇರಿ, ಕಬಿನಿಗಳ ಮಹಶೀರ್ ಮೀನಿಗೆ ಮೇಲಿನ ಎರಡು ಕಿಲೋ ಲೆಕ್ಕ ಸಾಲದು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳಗಾರಿಕೆಯ ಕುರಿತು ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗಿನಿಂದ ಈ ಮೀನಿನ ಖ್ಯಾತಿ ಹಬ್ಬಿತು; 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಇಂಥ ಮೀನಿಗೆ ಬಳಸುವ ಮಲ್ಟಿಪ್ಲೈಯರ್ ರೀಲುಗಳು ಕೋಲಿನ ಮೇಲ್ಬದಿಯಲ್ಲಿ ಕೂರುವುದರಿಂದ, ಎಳೆತ ಹೆಚ್ಚಿದಾಗ ಬಳೆಗಳು ಕೆಳಮುಖವಾಗುವಂತೆ ಕೋಲು ಹೊರಳಲು ನೋಡುತ್ತದೆ. ಜಾರುವುದರ ಜೊತೆಗೆ ಈ ತಿರುಚುವಿಕೆಯನ್ನೂ ತಡೆಯಲು ಪಾದದ ಪೂರ್ತಿ ಉದ್ದವನ್ನು ತೊಟ್ಟಿಲಂತೆ ಹಿಡಿಯುವ, ಜೋಡಿ ನಟ್ಟಿನ ಲೋಹದ ಪೀಠ ಬೇಕಾಗುತ್ತದೆ. ದಾರದ ಸುತ್ತು ಇಲ್ಲಿಗೆ ಸಾಲುವುದಿಲ್ಲ.

ಅಂಥ ಮೀನು ಇಂದು ಹಿಡಿದು ಮರಳಿ ನೀರಿಗೆ ಬಿಡುವವರಿಗೂ ದೊರೆಯುವುದು ಅಪರೂಪ. ಕಾವೇರಿ ಕಣಿವೆಯ ಆ ದೊಡ್ಡ ಮೀನು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು 2018ರಲ್ಲಿ ವಿಜ್ಞಾನಿಗಳು ಗುರುತಿಸಿದರು, ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ತುಂಗೆಯ ಶೃಂಗೇರಿಯಲ್ಲಿಯೂ ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿಯೂ ಗಾಳ ಹಾಕುವಂತಿಲ್ಲ.

ಸೀಳು ಬಿದ್ದ ಮೇಲೆ

ಈಗಾಗಲೇ ಸೀಳಿದ ಬಿದಿರನ್ನು ಎಸೆಯಬೇಕಾಗಿಲ್ಲ. ಕ್ಲಿಪ್ಪು ಬಿಚ್ಚಿ ಕೋಲನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಸೀಳನ್ನು ತುಸು ತೆರೆದು ಅರಾಲ್ಡೈಟಿನಂಥ ಎರಡು ಕೊಳವೆಯ ಅಂಟನ್ನು ಇಳಿಬಿಟ್ಟು, ಸೀಳಿನ ಎರಡು ತುದಿಗಳಿಂದಲೂ ಎರಡೆರಡು ಬೆರಳಗಲ ಆಚೆಯವರೆಗೆ ಹತ್ತಿ ದಾರವನ್ನು ಒತ್ತಾಗಿ ಸುತ್ತಿ, ಒಂದು ದಿನ ಮುಟ್ಟದೆ ಬಿಟ್ಟರೆ ಸೀಳು ಮುಂದೆ ಬೆಳೆಯುವುದು ನಿಲ್ಲುತ್ತದೆ. ಸೀಳು ಗೆಣ್ಣನ್ನು ದಾಟಿ ಮುಂದಿನ ಭಾಗಕ್ಕೆ ಹೋಗಿದ್ದರೆ ಈ ಉಪಚಾರ ಫಲಿಸುವುದಿಲ್ಲ. ಅಲ್ಲಿಂದ ಕೆಳಗಿನ ಬುಡವನ್ನು ಕೊಯ್ದು ತೆಗೆದು, ಮೇಲಿನ ಗಟ್ಟಿ ಭಾಗಕ್ಕೆ ರೀಲನ್ನು ಹೊಸದಾಗಿ ಕೂರಿಸಿಕೊಳ್ಳಬೇಕು. ಕಾರ್ಬನ್ ಕೋಲನ್ನಾದರೆ ರೀಲಿನ ಸುತ್ತಮುತ್ತ ಮೆಲ್ಲಗೆ ಬಾಗಿಸಿ ಕಿವಿಗೊಟ್ಟು ಕೇಳಬೇಕು. ಟಿಕ್ಕೆಂಬ ಸದ್ದು ಪ್ರತಿ ಸಲವೂ ಒಂದೇ ಜಾಗದಿಂದ ಬರುತ್ತಿದ್ದರೆ, ಪೀಠದ ಅಂಟು ಬಿಟ್ಟಿದೆ ಇಲ್ಲವೇ ಒಳಪದರ ಬಿರಿದಿದೆ ಎಂದು ತಿಳಿದು, ಅದನ್ನು ಬಿಚ್ಚಿ ನೋಡುವವರೆಗೆ ನೀರಿಗೆ ಒಯ್ಯದಿರುವುದು ಸರಿ. ನಡುನೀರಿನಲ್ಲಿ ಕೋಲು ಮುರಿದರೆ ದಾರವೂ ಹರಿಯುತ್ತದೆ, ಬಾಯಲ್ಲಿ ಗಾಳ ಉಳಿದ ಮೀನು ಅದನ್ನು ಎಳೆದುಕೊಂಡು ಹೋಗುತ್ತದೆ, ಆ ನೈಲಾನ್ ದಾರ ಪೊದೆಗೆ ಸಿಕ್ಕಿಕೊಂಡು ನೀರುಕಾಗೆಗಳ ಕಾಲಿಗೆ ಉರುಳಾಗುತ್ತದೆ.